ಎಸೆಯುವವನ ಕೈಯಲ್ಲಿ ಬೀಳುವವನ ತಲೆ

ಧಾರವಾಡದಲ್ಲಿ ಜೂಡೋ ಕಲಿಸುವುದು ನನ್ನ ಕೆಲಸ. ಹುಡುಗ ಕ್ಲಾಸಿಗೆ ಸೇರಿ ಒಂದು ತಿಂಗಳಾಗುವಷ್ಟರಲ್ಲಿ ಅಪ್ಪಂದಿರು ಒಂದು ಸಂಜೆ ಬೈಕ್ ನಿಲ್ಲಿಸಿ ಒಳಗೆ ಬರುತ್ತಾರೆ. "ಸರ, ಇವ ಮನ್ಯಾಗ ಬರೇ ಗಾದಿ ಮ್ಯಾಲೆ ಬಿದ್ದು ತೋರಸ್ತಾನ್ರಿ. ಒಗಿಯೂದು ಯಾವಾಗ ಕಲಸ್ತೀರಿ?" ಬೀಳೋದಕ್ಕೂ ಫೀ ಕಟ್ಟಬೇಕೇ ಎಂಬುದು ಅವರು ಬಾಯಿಬಿಟ್ಟು ಕೇಳದ ಪ್ರಶ್ನೆ. ಹೌದು, ಮೊದಲ ತಿಂಗಳ ಫೀ ಅದಕ್ಕೇ. ಪೆಟ್ಟಾಗದಂತೆ ಬೀಳುವ ಈ ವಿದ್ಯೆಗೆ ಜೂಡೋದಲ್ಲಿ ಉಕೆಮಿ ಅನ್ನುತ್ತಾರೆ. ಇದು ಬಾರದವನನ್ನು ನಾನು ಯಾರ ಕೈಗೂ ಕೊಡುವುದಿಲ್ಲ.

ಹಿಂದಕ್ಕೆ ಬೀಳುವುದನ್ನು ಮಲಗಿಸಿಯೇ ಶುರು ಮಾಡುತ್ತೇನೆ. ಅಂಗಾತ ಮಲಗು, ತಲೆ ಎತ್ತು, ಬೆಲ್ಟಿನ ಗಂಟು ನೋಡು. ಗಂಟು ಕಾಣುತ್ತಿದ್ದರೆ ಗದ್ದ ಎದೆಗೆ ಹತ್ತಿದೆ, ಹಿಂದಲೆ ಮ್ಯಾಟಿಗೆ ಬಡಿಯುವುದಿಲ್ಲ. ಬಾಯಿಮಾತಲ್ಲಿ ಎಷ್ಟು ಹೇಳಿದರೂ ಸಣ್ಣ ಮಕ್ಕಳು ಬೀಳುವ ಹೊತ್ತಿಗೆ ಸರಿಯಾಗಿ ಮೇಲಿನ ಫ್ಯಾನ್ ನೋಡುತ್ತಾರೆ. ಅದಕ್ಕೇ ಗದ್ದದ ಕೆಳಗೆ ಕರ್ಚೀಫು ಸಿಕ್ಕಿಸಿ ಬೀಳಿಸುತ್ತೇನೆ. ಕರ್ಚೀಫು ಉದುರಿದರೆ ಇನ್ನೊಮ್ಮೆ. ಕೈ ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೇ ಬಡಿಯಬೇಕು, ಮೈಯಿಂದ 45 ಡಿಗ್ರಿಗಿಂತ ಹೆಚ್ಚು ದೂರ ಹೋಗಬಾರದು. ಭುಜದ ಮಟ್ಟಕ್ಕೆ ಹೋದರೆ ಪೆಟ್ಟು ಭುಜದ ಕೀಲಿಗೆ. ಬರೀ ಅಂಗೈ ಊರಿದರೆ ಮಣಿಕಟ್ಟಿಗೆ. ಮಲಗಿ ಬಂದ ಮೇಲೆ ಕೂತು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಹಲ್ಲು ಕಚ್ಚಿರಬೇಕು, ನಾಲಿಗೆ ಒಳಗಿರಬೇಕು, ಉಸಿರು ಹೊರಗೆ ಬಿಡಬೇಕು.

ಪಕ್ಕಕ್ಕೆ ಬೀಳುವಾಗ ಕಾಲು ನೋಡುತ್ತೇನೆ. ಕತ್ತರಿಯಾದರೆ ಗಿಣ್ಣಿಗೆ ಗಿಣ್ಣು ಬಡಿದು ಕಣ್ಣಲ್ಲಿ ನೀರು. ಮುಂದಕ್ಕೆ ಉರುಳುವುದು ಮಕ್ಕಳಿಗೆ ಇಷ್ಟ: ಕಿರುಬೆರಳಿನ ಅಂಚು, ಮುಂಗೈ, ಭುಜ, ಅಲ್ಲಿಂದ ಬೆನ್ನ ಮೇಲೆ ಅಡ್ಡಲಾಗಿ ಎದುರು ಬದಿಯ ಸೊಂಟಕ್ಕೆ, ಚಕ್ಕಡಿ ಗಾಲಿ ತಿರುಗಿದ ಹಾಗೆ. ನೆತ್ತಿ ಎಲ್ಲಿಯೂ ನೆಲ ಮುಟ್ಟಬಾರದು.

ಈ ಪಾಠ ಎಲ್ಲರಿಗಿಂತ ಕಷ್ಟವಾಗುವುದು ಗರಡಿಮನೆಯಿಂದ ಬಂದ ಹುಡುಗರಿಗೆ. ನಮ್ಮ ಕಡೆ ಅಂಥವರು ಕಡಿಮೆಯಿಲ್ಲ. ದಂಡ, ಬಸ್ಕಿ ಹೊಡೆದು ಗಟ್ಟಿಯಾದ ಮೈ, ಹಿಡಿದರೆ ಬಿಡಿಸಿಕೊಳ್ಳಲಾಗದ ಕೈ. ಆದರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಎಸೆದ ತಕ್ಷಣ ಅವರು ಗಾಳಿಯಲ್ಲೇ ತಿರುಗಿ ಕೈ ಊರುತ್ತಾರೆ. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣಿನಲ್ಲಿ ಅದು ನಡೆದುಹೋಗಬಹುದು. ಮ್ಯಾಟಿನ ಮೇಲೆ ಚಾಚಿದ ಒಂದು ಕೈಗೆ ತನ್ನ ಭಾರದ ಜೊತೆ ಎಸೆದವನ ಭಾರವೂ ಬೀಳುತ್ತದೆ. ಮೊಣಕೈ ಕೀಲು ತಪ್ಪುವುದು, ಕಾಲರ್ ಬೋನ್ ಮುರಿಯುವುದು ಹೀಗೇ. ಅವರಿಗೆ ನಾನು ಹೇಳುವುದು: "ಪ್ರಾಕ್ಟೀಸಿನ್ಯಾಗ ಬೆನ್ನು ಕೊಡಪಾ, ಪಾಯಿಂಟ್ ಹೋಗಲಿ." ಒಪ್ಪುವುದಕ್ಕೆ ತಿಂಗಳುಗಳೇ ಬೇಕಾಗುತ್ತವೆ. ಬಗ್ಗಿ ಕಾಲಿಗೆ ಕೈ ಹಾಕುವ ರೂಢಿ ಬಿಡಿಸುವುದು ಇದಕ್ಕಿಂತ ಸುಲಭ. 2013ರಿಂದ ಅಂತಾರಾಷ್ಟ್ರೀಯ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ ಅಂದರೆ ಕೇಳುತ್ತಾರೆ.

ಹೆಣ್ಣುಮಕ್ಕಳು ಬೀಳುವುದನ್ನು ಬೇಗ ಕಲಿಯುತ್ತಾರೆ, ಬಿದ್ದರೆ ಮಾನ ಹೋಯಿತು ಅಂದುಕೊಳ್ಳುವುದಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್, ಅಂದರೆ ಜೂಡೋವನ್ನು ಹೋಲುವ ಉಜ್ಬೆಕ್ ಕುಸ್ತಿಯಲ್ಲಿ ಕಂಚು ಗೆದ್ದ ಬೆಳಗಾವಿಯ ಮಲಪ್ರಭಾ ಜಾಧವ್ ಜೂಡೋ ಆಡಿ ಬಂದವರು. ಮಗಳನ್ನು ಸೇರಿಸಲೋ ಬೇಡವೋ ಎಂದು ಬಾಗಿಲಲ್ಲೇ ನಿಂತ ಅಮ್ಮಂದಿರಿಗೆ ಆ ಹೆಸರು ಹೇಳುತ್ತೇನೆ.

ಇಷ್ಟೂ ಬೀಳುವವನ ಪಾಠ. ಈ ಕೆಲಸದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ, ಹೊಣೆಯ ದೊಡ್ಡ ಪಾಲು ಎಸೆಯುವವನದು ಎಂಬುದು. ಬಲಗೈಯವನಾದರೆ ಅವನ ಎಡಗೈ ಜೊತೆಗಾರನ ಬಲ ತೋಳನ್ನು ಮೊಣಕೈ ಹತ್ತಿರ ಹಿಡಿದಿರುತ್ತದೆ. ಜೊತೆಗಾರ ಮ್ಯಾಟಿಗೆ ತಾಗುವ ಆ ಗಳಿಗೆಯಲ್ಲಿ ಆ ತೋಳನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಎಳೆದರೆ ಬೀಳುವವನ ಎದೆಯ ಮೇಲ್ಭಾಗ ಸ್ವಲ್ಪ ಎತ್ತಿಕೊಂಡು ಮೈ ಪಕ್ಕಕ್ಕೆ ಹೊರಳುತ್ತದೆ, ತಲೆ ಉಳಿಯುತ್ತದೆ. ಎಸೆದ ಖುಷಿಯಲ್ಲಿ ಕೈಬಿಟ್ಟರೆ ಅವನು ಮೂಟೆ ಇಳಿಸಿದಂತೆ ಕೆಳಗೆ. ಮೇಲೆಯೇ ಹೋಗಿ ಬೀಳುವುದಂತೂ ಇನ್ನೂ ಕೆಟ್ಟದ್ದು.

ಒಸೊತೊ ಗಾರಿಯಲ್ಲಿ ಇದು ಜೀವದ ಪ್ರಶ್ನೆ. ಎದುರಾಳಿಯ ಪಕ್ಕಕ್ಕೆ ಹೆಜ್ಜೆಯಿಟ್ಟು ಅವನ ಕಾಲನ್ನು ಹಿಂದಿನಿಂದ ಕೊಯ್ದು ಹಾಕುವ ಪಟ್ಟು. ನೋಡಲು ಸುಲಭ, ಅದಕ್ಕೇ ಎಷ್ಟೋ ಕಡೆ ಮೊದಲ ವಾರವೇ ಕಲಿಸುತ್ತಾರೆ. ಬೀಳುವವನು ನೆಟ್ಟಗೆ ಹಿಂದಕ್ಕೆ ಹೋಗುತ್ತಾನೆ, ಗದ್ದ ಬಿಟ್ಟರೆ ಹಿಂದಲೆ ಮೊದಲು. ಜೂಡೋ ಹುಟ್ಟಿದ ಜಪಾನಿನಲ್ಲೇ 1983ರಿಂದ ಸುಮಾರು ಮೂರು ದಶಕಗಳಲ್ಲಿ ಶಾಲೆಯ ಜೂಡೋದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ತಲೆಯ ಪೆಟ್ಟಿನಿಂದ ಸತ್ತವರಲ್ಲಿ ಹೊಸದಾಗಿ ಸೇರಿದವರು ಬಹಳ. ತಲೆ ನೆಲಕ್ಕೆ ತಾಗದೆ ಜೋರಾಗಿ ಕುಲುಕಿದರೂ ಮೆದುಳಿನ ಮೇಲಿನ ರಕ್ತನಾಳ ಹರಿಯಬಹುದು. ಹಾಗಾಗಿ ನಾನು ಎದುರಾಳಿಯ ಮಂಡಿಗೆ ಪಾದ ಕೊಟ್ಟು ತಿರುಗಿಸಿ ಹಾಕುವ ಹಿಜಾ ಗುರುಮಾದಿಂದ ಶುರು ಮಾಡುತ್ತೇನೆ, ಅದರಲ್ಲಿ ಬೀಳುವುದು ಪಕ್ಕಕ್ಕೆ. ಅದೂ ಬೀಳುವವನನ್ನು ಮಂಡಿಯೂರಿಸಿ. ಜೂಡೋದ ಮೂಲ ಶಾಲೆಯಾದ ಕೊಡೊಕಾನ್ 1895ರಲ್ಲಿ ಜೋಡಿಸಿ 1920ರಲ್ಲಿ ತಿದ್ದಿದ ಪಟ್ಟುಗಳ ಸಾಲಿನಲ್ಲೂ ಒಸೊತೊ ಗಾರಿ ಐದನೆಯದು, ಮೊದಲನೆಯದಲ್ಲ. ತಲೆಗೆ ಪೆಟ್ಟಾದವನು ಆ ದಿನ ಮತ್ತೆ ಮ್ಯಾಟ್ ಹತ್ತುವಂತಿಲ್ಲ. ತಲೆನೋವು, ವಾಂತಿ, ಮಂಕು ಏನಾದರೂ ಕಂಡರೆ ಸೀದಾ ಆಸ್ಪತ್ರೆಗೆ. ಮರುದಿನ ಜಿಲ್ಲಾ ಮಟ್ಟದ ಪಂದ್ಯವಿದ್ದರೂ ಅಷ್ಟೇ.

ಉಚಿಕೋಮಿ, ಅಂದರೆ ಎಸೆಯದೆ ಬರೀ ಪಟ್ಟಿಗೆ ನುಗ್ಗಿ ನುಗ್ಗಿ ಮಾಡುವ ಅಭ್ಯಾಸ. ಐವತ್ತು ಅಂದರೆ ಮಕ್ಕಳು ಐವತ್ತು ಮುಗಿಸುವ ಆತುರದಲ್ಲಿ ಸೊಂಟ ಅಲ್ಲಾಡಿಸುತ್ತಾರೆ. ನಾನು ಎಣಿಕೆ ಬಿಟ್ಟು ಜೊತೆಗಾರನ ಹಿಮ್ಮಡಿ ನೋಡುತ್ತೇನೆ. ನುಗ್ಗುವ ಮೊದಲೇ ಅವನ ಹಿಮ್ಮಡಿ ಮೇಲೆದ್ದಿದ್ದರೆ ಎಳೆತ ಸರಿಯಿದೆ. ಹಿಮ್ಮಡಿ ನೆಲದಲ್ಲೇ ಇದ್ದರೆ ಸೊಂಟ ಎಷ್ಟು ತೂರಿಸಿದರೂ ಅವನು ಕದಲುವುದಿಲ್ಲ, ನಿನ್ನ ಸೊಂಟವೇ ಹಿಡಿದುಕೊಳ್ಳುತ್ತದೆ.

ಮಳೆಗಾಲದ ಮಾತನ್ನೂ ಹೇಳಿಬಿಡುತ್ತೇನೆ. ಧಾರವಾಡದ ಜಿಟಿಜಿಟಿ ಮಳೆಗೆ ಮ್ಯಾಟ್ ಒಣಗುವುದಿಲ್ಲ, ಡ್ರೆಸ್ಸೂ ಒಣಗುವುದಿಲ್ಲ. ಒಬ್ಬನಿಗೆ ಗಜಕರ್ಣ ಬಂದರೆ ವಾರದಲ್ಲಿ ನಾಲ್ವರಿಗೆ. ಕ್ಲಾಸ್ ಮುಗಿದ ಮೇಲೆ ಔಷಧಿ ಹಾಕಿ ಒರೆಸಿ, ಮ್ಯಾಟ್‌ಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಮ್ಯಾಟ್‌ಗಳ ನಡುವೆ ಸಂದಿ ಬಿಟ್ಟಿದ್ದರೆ ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ. ಉಗುರು ಕತ್ತರಿಸದೆ ಬಂದವನಿಗೆ ಬಾಗಿಲ ಬಳಿಯೇ ನೇಲ್ ಕಟ್ಟರ್ ಇಟ್ಟಿದ್ದೇನೆ.

2022ರಲ್ಲಿ ಜಪಾನಿನ ಜೂಡೋ ಒಕ್ಕೂಟ ಪ್ರಾಥಮಿಕ ಶಾಲೆ ಮಕ್ಕಳ ರಾಷ್ಟ್ರೀಯ ಪಂದ್ಯವನ್ನೇ ನಿಲ್ಲಿಸಿತು. ಗೆಲುವಿನ ಹಿಂದೆ ಬಿದ್ದ ದೊಡ್ಡವರು ಮಕ್ಕಳನ್ನು ಹಿಂಡುತ್ತಿದ್ದಾರೆ ಎಂಬುದು ಕಾರಣ. ನಮ್ಮಲ್ಲಿ ಆ ಒತ್ತಡ ಬೆಲ್ಟ್ ಪರೀಕ್ಷೆಯಲ್ಲಿ ಕಾಣುತ್ತದೆ, ಅಪ್ಪ ಅಮ್ಮ ಇಬ್ಬರೂ ಫೋನ್ ಎತ್ತಿ ಹಿಡಿದು ಕೂತಿರುತ್ತಾರೆ. ಕಳೆದ ಸಲ ಒಬ್ಬ ಹುಡುಗಿಯ ಎಸೆತ ಅರೆಬರೆಯಾಗಿತ್ತು, ಆದರೆ ಜೊತೆಗಾರ್ತಿ ಮ್ಯಾಟ್ ಬಡಿದು ಬೀಳುವವರೆಗೂ ತೋಳು ಬಿಡಲಿಲ್ಲ. ಅವಳಿಗೆ ಹಳದಿ ಬೆಲ್ಟ್ ಕೊಟ್ಟೆ. ಇನ್ನೊಬ್ಬ ಸೊಗಸಾಗಿ ಎಸೆದು ಎರಡೂ ಕೈ ಬಿಟ್ಟು ಅಪ್ಪನ ಕಡೆ ತಿರುಗಿದ. ಅವನಿಗೆ ಮೂರು ತಿಂಗಳು ಬಿಟ್ಟು ಬಾ ಅಂದೆ. ಬರಲಿಲ್ಲ. ಬೇರೆ ಕ್ಲಾಸಿಗೆ ಹಾಕಿದ್ದಾರಂತೆ. ಅಲ್ಲಿ ಬೆಲ್ಟ್ ಬೇಗ ಸಿಗುತ್ತದಂತೆ.