ಕಲ್ಚರ್‌ನಲ್ಲಿ ಏನೂ ಇಲ್ಲ, ಆದರೆ ನೋವು ಇದೆ

ಉರಿ ಮೂತ್ರ ಅಂದ ಕೂಡಲೇ ನಮ್ಮ ಬದಿಯಡ್ಕದ ಕಡೆ ಸಿಗುವ ಉತ್ತರ ಒಂದೇ: ‘ಉಷ್ಣ ಆಗಿರಬೇಕು.’ ಬೊಂಡ ಕುಡಿದೆ, ಪುನರ್ಪುಳಿ ಕುಡಿದೆ, ಕೊತ್ತಂಬರಿ ನೀರೂ ಆಯಿತು. ಬ್ಯಾಂಕಿನ ಕುರ್ಚಿಯಲ್ಲಿ ಕೂತರೆ ವೃಷಣಕ್ಕೂ ಗುದಕ್ಕೂ ನಡುವೆ ಒತ್ತುವ ನೋವು ಮಾತ್ರ ಹೋಗಲಿಲ್ಲ. ಮಂಗಳೂರಿಗೆ ಹೋದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು, ಕ್ರಾನಿಕ್ ಪ್ರಾಸ್ಟಟೈಟಿಸ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಬಹುಕಾಲದ ತೊಂದರೆ. ಗಂಡಸರು ಇದನ್ನು ಹೆಂಡತಿಗೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೂತ್ರದ ಕಲ್ಚರ್ ಮಾಡಿಸಿದಾಗಲೆಲ್ಲ ‘ಬೆಳವಣಿಗೆ ಇಲ್ಲ’ ಅಂತಲೇ ಬರುತ್ತಿತ್ತು. ಆದರೂ ಆಂಟಿಬಯಾಟಿಕ್ ನಿಲ್ಲಲಿಲ್ಲ. ಈ ಕಾಯಿಲೆಯವರಲ್ಲಿ ಬ್ಯಾಕ್ಟೀರಿಯಾ ಖಚಿತವಾಗಿ ಸಿಗುವುದು ನೂರಕ್ಕೆ ಹತ್ತು ಮಂದಿಗಿಂತಲೂ ಕಡಿಮೆ. ಹಾಗಾದರೆ ಉಳಿದವರಲ್ಲಿ ರೋಗಾಣು ಎಲ್ಲೋ ಅಡಗಿ ಕೂತಿದೆಯಾ? ನನ್ನ ತಲೆ ತಿಂದ ಪ್ರಶ್ನೆ ಇದು.

ಕಲ್ಚರ್ ಅಂದರೆ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವುದು. ಬೆಳೆಯದೆ ಇರುವವೂ ಇವೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ನಮ್ಮ ಜೀವಕೋಶದ ಒಳಗೇ ಬದುಕುತ್ತದೆ, ಮಾಮೂಲಿ ತಟ್ಟೆಯಲ್ಲಿ ಬರುವುದೇ ಇಲ್ಲ. ಹಾಗೆಯೇ ಹರಡುವ ಇನ್ನೊಂದು ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾ ಜೆನಿಟಾಲಿಯಂ ಬೆಳೆಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅದಕ್ಕೆ ಕೋಶದ ಗೋಡೆಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ಜಾತಿಯ ಮದ್ದು ತಾಗುವುದಿಲ್ಲ. ಇಂಥವನ್ನು ಹಿಡಿಯಲು ಪಿಸಿಆರ್ ಬೇಕು.

ಪಿಸಿಆರ್ ನಮಗೆ ಹೊಸದೇನಲ್ಲ. 2021ರಲ್ಲಿ ಕೋವಿಡ್ ಹೊತ್ತಿಗೆ ಕರ್ನಾಟಕದ ಗಡಿ ತಲಪಾಡಿ ದಾಟಲು ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಹಿಡಿದು ನಿಂತವರಲ್ವಾ ಕಾಸರಗೋಡಿನವರು? ಅಲ್ಲಿ ಹುಡುಕಿದ್ದು ವೈರಸ್ಸಿನ ಆರ್‌ಎನ್‌ಎ, ಇಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ. ಒಂದು ಚೂರಿದ್ದರೂ ಅದನ್ನೇ ಮತ್ತೆ ಮತ್ತೆ ನಕಲು ಮಾಡಿ ತೋರಿಸುತ್ತದೆ.

ಸ್ಯಾಂಪಲ್ ತೆಗೆಯುವ ರೀತಿ ಮಾತ್ರ ಬೇರೆ. ಮೊದಲು ಒಂದು ಬಾಟಲಿಗೆ ಮೂತ್ರ. ಆಮೇಲೆ ಡಾಕ್ಟರು ಗ್ಲೌಸ್ ಹಾಕಿ, ಜೆಲ್ ಹಚ್ಚಿ, ಗುದದ ಮೂಲಕ ಬೆರಳಿನಿಂದ ಪ್ರಾಸ್ಟೇಟನ್ನು ಒತ್ತುತ್ತಾರೆ. ಮೂತ್ರ ಬಂದೇ ಬಿಟ್ಟಿತು ಅನ್ನಿಸುತ್ತದೆ. ಕೂಡಲೇ ಎರಡನೇ ಬಾಟಲಿಗೆ ಮೊದಲ ಕೆಲವು ಮಿಲಿಲೀಟರ್. ಗ್ರಂಥಿಯಿಂದ ಇಳಿದದ್ದು ಇರುವುದು ಅದರಲ್ಲಿ. 1968ರಲ್ಲಿ ಮಿಯರ್ಸ್ ಮತ್ತು ಸ್ಟೇಮಿ ವಿವರಿಸಿದ ನಾಲ್ಕು ಬಾಟಲಿಯ ಪರೀಕ್ಷೆಯ ಚಿಕ್ಕ ರೂಪ ಇದು. ಎರಡನ್ನೂ ಹೋಲಿಸಿ ನೋಡದಿದ್ದರೆ, ಸಿಕ್ಕಿದ್ದು ಪ್ರಾಸ್ಟೇಟಿನದ್ದೋ ಮೂತ್ರನಾಳದ್ದೋ ತಿಳಿಯುವುದು ಕಷ್ಟ. ಸುಮ್ನೆ ಲ್ಯಾಬಿಗೆ ಹೋಗಿ ಒಂದು ಬಾಟಲಿ ಕೊಟ್ಟು ಬರುವುದರಿಂದ ಜಾಸ್ತಿ ಪ್ರಯೋಜನ ಇಲ್ಲ ಅಂತ ನಾನು ಹೇಳುವುದು ಇದಕ್ಕೇ.

ನನ್ನ ರಿಪೋರ್ಟಿನಲ್ಲಿ ಕ್ಲಮೈಡಿಯಾ ಇಲ್ಲ, ಗೊನೊರಿಯಾ ಇಲ್ಲ, ಜೆನಿಟಾಲಿಯಂ ಇಲ್ಲ, ಟ್ರೈಕೊಮೊನಾಸ್ ಇಲ್ಲ. ಒಂದೇ ಸಾಲು ದಪ್ಪ ಅಕ್ಷರದಲ್ಲಿ: ಯೂರಿಯಾಪ್ಲಾಸ್ಮಾ ಪಾರ್ವಂ, ಪತ್ತೆಯಾಗಿದೆ. ಇದೂ ಮೈಕೊಪ್ಲಾಸ್ಮಾದ ಬಳಗದ ಬ್ಯಾಕ್ಟೀರಿಯಾವೇ. ಅದೂ ಎರಡು ಬಾಟಲಿಯಲ್ಲೂ. ಕಳ್ಳ ಸಿಕ್ಕಿದ ಅಂತ ಎಷ್ಟು ಖುಷಿಯಾಯಿತು ನನಗೆ! ಡಾಕ್ಟರು ಮದ್ದು ಬರೆಯಲಿಲ್ಲ. ‘ಏನೂ ತೊಂದರೆ ಇಲ್ಲದ ಎಷ್ಟೋ ಜನರಲ್ಲೂ ಇದು ಇರುತ್ತದೆ’ ಅಂದರು. ಯುರೋಪಿನ ಲೈಂಗಿಕ ರೋಗ ಮಾರ್ಗಸೂಚಿ ಮಂಡಳಿ 2018ರಲ್ಲಿ ಇದನ್ನೇ ಹೇಳಿದೆ: ಯೂರಿಯಾಪ್ಲಾಸ್ಮಾವನ್ನು ಮಾಮೂಲಿಯಾಗಿ ಹುಡುಕಲೇಬೇಡಿ, ಸುಮ್ಮನೆ ಆಂಟಿಬಯಾಟಿಕ್ ಜಾಸ್ತಿ ಆಗುತ್ತದೆ. ಪಿಸಿಆರ್‌ಗೆ ಡಿಎನ್‌ಎ ಕಾಣುತ್ತದೆ, ಅಷ್ಟೇ. ಅದು ಬದುಕಿರುವ ರೋಗಾಣುವಿನದ್ದೋ ಸತ್ತದ್ದರದ್ದೋ, ನೋವಿಗೆ ಅದೇ ಕಾರಣವೋ ಅಂತ ಅದು ಹೇಳಲಾರದು. ಮದ್ದು ಮುಗಿದ ಕೂಡಲೇ ಮತ್ತೆ ಟೆಸ್ಟ್ ಮಾಡಿಸಿದರೆ ಸತ್ತ ರೋಗಾಣುವಿನ ಚೂರೂ ಪಾಸಿಟಿವ್ ತೋರಿಸಬಹುದು.

ಆದರೂ ಈ ಪರೀಕ್ಷೆ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಜೆನಿಟಾಲಿಯಂ ಸಿಕ್ಕಿದ್ದರೆ ಮದ್ದಿನ ದಾರಿಯೇ ಬೇರೆ, ಹೆಂಡತಿಗೂ ಪರೀಕ್ಷೆ ಬೇಕಾಗುತ್ತಿತ್ತು. ಸಿಗದ ಕಾರಣ ನಾನು ನುಂಗುತ್ತಿದ್ದ ಆಂಟಿಬಯಾಟಿಕ್ ಲೆವೊಫ್ಲಾಕ್ಸಾಸಿನ್ ನಿಂತಿತು. ಆ ಗುಂಪಿನ ಮದ್ದಿನಿಂದ ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಹರಿಯಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಅದನ್ನು ಚೀಟಿ ಇಲ್ಲದೆಯೂ ಕೊಳ್ಳುವವರಿದ್ದಾರೆ, ದಯವಿಟ್ಟು ಬೇಡ.

ಈಗ ಫಿಸಿಯೋಥೆರಪಿ ನಡೆಯುತ್ತಿದೆ. ಸೊಂಟದ ಅಡಿಯ ಸ್ನಾಯುಗಳು ಬಿಗಿದುಕೊಂಡಿವೆ ಅಂತ ಅಲ್ಲಿ ಗೊತ್ತಾಯಿತು. ಬಿಗಿ ಹಿಡಿಯುವ ಕೀಗಲ್ ವ್ಯಾಯಾಮ ನನಗೆ ಸದ್ಯಕ್ಕೆ ಬೇಡವಂತೆ, ಸಡಿಲ ಬಿಡುವುದನ್ನು ಕಲಿಸುತ್ತಿದ್ದಾರೆ. ನೋವು ಪೂರ್ತಿ ಹೋಗಿಲ್ಲ. ಆದರೆ ಕಾಸರಗೋಡಿನಿಂದ ಮಂಗಳೂರಿನವರೆಗೆ ಬಸ್ಸಿನಲ್ಲಿ ಕೂತೇ ಹೋಗುತ್ತೇನೆ.