ಗಪ್ಪಿ ತನ್ನ ಮರಿಗಳನ್ನೇ ತಿಂತದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಮನೆಗೆ ಬಂದವರು ಮೊದಲು ನೀರು ಕುಡಿಯುತ್ತಾರೆ, ಆಮೇಲೆ ಹಾಲ್‌ನಲ್ಲಿರುವ ಫಿಶ್ ಟ್ಯಾಂಕ್ ಕಡೆ ತಿರುಗುತ್ತಾರೆ. ಕಲಬುರಗಿ ಬಿಸಿಲಲ್ಲಿ ನಡೆದು ಬಂದವರಿಗೆ ಎರಡೂ ಬೇಕು. ಈ ಮೀನು ಮೊಟ್ಟೆ ಇಡಲ್ಲ, ನೇರವಾಗಿ ಮರಿ ಹಾಕ್ತದೆ ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. “ಮೊನ್ನೆ ಮರಿ ಹಾಕಿತ್ತು ಅಂದ್ರಿ, ಈಗ ಎಲ್ಲಿ ಅದಾವ್ರೀ? ತಾಯಿನೇ ತಿಂತದಂತ, ಖರೇನಾ?”

ಖರೆ. ತಿನ್ನುತ್ತದೆ. ತಂದೆಯೂ ತಿನ್ನುತ್ತದೆ, ಅತ್ತೆ ಮಾವ ಯಾರಿದ್ದರೂ ತಿನ್ನುತ್ತಾರೆ.

ಎದುರು ಮನೆ ಆಯಿಗೆ ಇದನ್ನು ಹೇಳಿದ ದಿನ ಅವರು ಟ್ಯಾಂಕಿಗೆ ಬೆನ್ನು ಮಾಡಿ ಕುಳಿತರು. “ಹೆತ್ತಾಕಿನೇ ತಿಂದ್ರ ಹ್ಯಾಂಗೋ ಯಪ್ಪಾ” ಅಂದರು. ಅವರ ಮೊಮ್ಮಗ ಮಾತ್ರ ಖುಷಿಯಾದ. “ಗಪಕ್ ಅಂತ ನುಂಗ್ತದ, ಅದಕ್ಕೇ ಗಪ್ಪಿ. ಹೌದಲ್ಲ ಕಾಕಾ?” ಅಲ್ಲಪ್ಪಾ, ಟ್ರಿನಿಡಾಡ್‌ನಲ್ಲಿದ್ದ ರಾಬರ್ಟ್ ಗಪ್ಪಿ ಎಂಬುವರು ಈ ಮೀನನ್ನು ಲಂಡನ್ನಿಗೆ ಕಳಿಸಿದ್ದರು, 1866ರಲ್ಲಿ ಅವರ ಹೆಸರನ್ನೇ ಇದಕ್ಕೆ ಇಟ್ಟರು ಅಂತ ಹೇಳಿದೆ. ಅವನಿಗೆ ತನ್ನ ಉತ್ತರವೇ ಹಿಡಿಸಿತ್ತು.

ಒಂದು ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಡಬ್ಬದ ಹಾಗೆ ಚೌಕವಾಗಿದ್ದ ಹೆಣ್ಣೊಂದು ಮೂಲೆ ಹಿಡಿದು ನಿಂತಿತ್ತು. ಬಾಲದ ಕಡೆ ಹೊಟ್ಟೆಯ ಕಪ್ಪು ಮಚ್ಚೆ ದೊಡ್ಡದಾಗಿ, ಅದರೊಳಗೆ ಚುಕ್ಕಿ ಚುಕ್ಕಿಯಾಗಿ ಮರಿಗಳ ಕಣ್ಣು ಕಾಣುತ್ತಿದ್ದವು. ಮೈ ಒಮ್ಮೆ ನಡುಗಿತು. ಸುರುಳಿ ಸುತ್ತಿದ ಒಂದು ಮರಿ ಹೊರಗೆ ಬಿತ್ತು, ಸಾಸಿವೆಗಿಂತ ತುಸು ದೊಡ್ಡದು. ಒಂದು ಗೇಣು ಕೆಳಗಿಳಿಯುವಷ್ಟರಲ್ಲಿ ಸುರುಳಿ ಬಿಚ್ಚಿತು. ಬಿಚ್ಚಿದರೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ಅಷ್ಟೇ. ಸರ್ರನೆ ಮೇಲಕ್ಕೆ ಓಡಿತು. ತಾಯಿ ತಿರುಗಿ ನೋಡಿತು. ಮುಂದಿನದನ್ನು ಆಯಿಗೆ ಹೇಳಿಲ್ಲ.

ಇದರಲ್ಲಿ ಕ್ರೌರ್ಯ ಹುಡುಕಬೇಡಿ. ಗಪ್ಪಿಗೆ ಇದು ನನ್ನ ಮರಿ ಅನ್ನೋದೇ ಗೊತ್ತಾಗುವುದಿಲ್ಲ. ಬಾಯಿಗೆ ಹಿಡಿಸುವಷ್ಟು ಚಿಕ್ಕದು ಏನಾದರೂ ಎದುರಿಗೆ ಅಲ್ಲಾಡಿದರೆ ಅದು ತಿನಿಸು. ಹೊಳೆಯಲ್ಲಾದರೆ ಮರಿ ಹುಟ್ಟಿದ ಕೂಡಲೇ ದಡದ ಹುಲ್ಲು, ಬೇರಿನ ಸಂದಿಗೆ ಸೇರಿಕೊಳ್ಳುತ್ತದೆ. ನಮ್ಮ ಟ್ಯಾಂಕಿನಲ್ಲಿ ನಾಲ್ಕು ಗಾಜು, ಒಂದು ಪ್ಲಾಸ್ಟಿಕ್ ಮರ, ಗುಳ್ಳೆ ಬಿಡುವ ಒಂದು ಮೊಸಳೆ ಗೊಂಬೆ. ಓಡಿದರೆ ಎಲ್ಲಿಗೆ ಓಡಬೇಕು ಅದು?

ಹಾಗಾದರೆ ಉಳಿಸೋದು ಹೇಗೆ? ಅಂಗಡಿಯಲ್ಲಿ ಕೇಳಿದರೆ ಮೊದಲು ಕೊಡುವುದು ಬ್ರೀಡಿಂಗ್ ಬಾಕ್ಸ್. ಟ್ಯಾಂಕಿನ ಒಳಗೇ ನೇತು ಹಾಕುವ ಪ್ಲಾಸ್ಟಿಕ್ ಡಬ್ಬಿ ಅದು. ತಾಯಿಯನ್ನು ಅದರಲ್ಲಿ ಬಿಟ್ಟರೆ ಹುಟ್ಟಿದ ಮರಿ ಸೀಳಿನಿಂದ ಕೆಳಗಿನ ಖಾನೆಗೆ ಜಾರುತ್ತದೆ. ನಾನೂ ತಂದೆ. ಹೊಟ್ಟೆ ಸ್ವಲ್ಪ ದಪ್ಪ ಕಂಡಿತು ಅಂತ ಒಂದು ಹೆಣ್ಣನ್ನು ಎಂಟು ದಿನ ಅದರಲ್ಲಿ ಕೂಡಿ ಹಾಕಿದೆ. ಅಂಗೈ ಅಗಲದ ಜಾಗದಲ್ಲಿ ಗೋಡೆಗೆ ಮೂತಿ ಬಡಿದುಕೊಂಡಿತು, ತಿನ್ನುವುದು ಬಿಟ್ಟಿತು. ಕೊನೆಗೆ ದಿನ ತುಂಬುವ ಮೊದಲೇ ಹಾಕಿದ ಮರಿಗಳ ಹೊಟ್ಟೆಗೆ ಹಳದಿ ಚೀಲ ಇನ್ನೂ ಅಂಟಿಕೊಂಡೇ ಇತ್ತು. ಒಂದೂ ಉಳಿಯಲಿಲ್ಲ. ಮಾರನೇ ದಿನ ತಾಯಿಯೂ ಹೋಯಿತು. ಆ ಡಬ್ಬಿಯಲ್ಲಿ ಈಗ ನನ್ನ ಹೆಂಡತಿ ಸೂಜಿ ದಾರ ಇಟ್ಟುಕೊಂಡಿದ್ದಾಳೆ.

ಡಬ್ಬಿ ಬೇಡವೇ ಬೇಡ ಅಂತಲ್ಲ. ಮರಿಗಳನ್ನು ಹಿಡಿದು ಅದರಲ್ಲಿ ಬಿಡಿ, ಎರಡು ಮೂರು ವಾರ ಅವು ಆರಾಮಾಗಿ ಬೆಳೆಯುತ್ತವೆ. ತಾಯಿಯನ್ನು ಕೂಡಿ ಹಾಕಬೇಡಿ, ಅಷ್ಟೇ ನಾನು ಹೇಳೋದು.

ನನಗೆ ಕೆಲಸಕ್ಕೆ ಬಂದದ್ದು ಗಿಡ. ಜಾವಾ ಮಾಸ್, ಗಪ್ಪಿ ಗ್ರಾಸ್, ಹಾರ್ನ್‌ವರ್ಟ್, ಯಾವುದು ಸಿಕ್ಕರೂ ನಡೆಯುತ್ತದೆ. ಅಂದಕ್ಕೆ ಒಂದು ಎಳೆ ಅಲ್ಲ, ಟ್ಯಾಂಕಿನ ಮೂರನೇ ಒಂದು ಭಾಗ ಕೈ ಹಾಕಿದರೆ ಸಿಕ್ಕಿಕೊಳ್ಳುವಷ್ಟು ದಟ್ಟವಾಗಿರಬೇಕು. ಅರ್ಧ ತೇಲುತ್ತಿರಲಿ, ಏಕೆಂದರೆ ಮರಿಗಳು ಹೆಚ್ಚಾಗಿ ಮೇಲ್ಮೈಗೆ ಬರುತ್ತವೆ. ದೊಡ್ಡ ಮೀನು ಅದರೊಳಗೆ ನುಗ್ಗಲಾರದು, ಮರಿ ನುಗ್ಗುತ್ತದೆ. ಎಲೆಗಳಿಗೆ ಅಂಟಿದ ಕಣ್ಣಿಗೆ ಕಾಣದ ಜೀವಿಗಳೇ ಅವಕ್ಕೆ ಮೊದಲ ಊಟ. ಗಿಡ ಇಲ್ಲದಿದ್ದರೆ ಪ್ಲಾಸ್ಟಿಕ್ ನೂಲನ್ನು ಕತ್ತರಿಸಿ ಕುಚ್ಚು ಕಟ್ಟಿ ತೇಲಿಬಿಡಿ. ನೋಡಲು ಚಂದ ಇಲ್ಲ, ಆದರೆ ಮರಿಗೆ ಅದೆಲ್ಲ ಯಾಕೆ?

ಪುಕ್ಕಟೆ ಸಿಗುತ್ತದೆ ಅಂತ ಕೆರೆ ಪಾಚಿ ಮಾತ್ರ ತರಬೇಡಿ. ನಾನು ತಂದು ಕೆಟ್ಟೆ. ಊರ ಹೊರಗಿನ ಹೊಂಡದಿಂದ ಹೈಡ್ರಿಲ್ಲಾ ಬಳ್ಳಿ ತಂದು ತೊಳೆದು ಹಾಕಿದ್ದೆ. ಮೂವತ್ತಿದ್ದ ಮರಿ ದಿನಕ್ಕೆ ಐದಾರರಂತೆ ಇಳಿಯತೊಡಗಿದವು. ದೊಡ್ಡ ಮೀನು ಯಾವುದೂ ಆ ಟ್ಯಾಂಕಿನಲ್ಲಿ ಇರಲಿಲ್ಲ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಬಳ್ಳಿಯ ಬುಡದಲ್ಲಿ ಮಣ್ಣು ಬಣ್ಣದ ಆರು ಕಾಲಿನ ಹುಳ. ಮುಖದ ಕೆಳಗೆ ಮಡಚಿಟ್ಟ ತುಟಿಯನ್ನು ಕೈ ಚಾಚಿದ ಹಾಗೆ ಮುಂದಕ್ಕೆ ಚಿಮ್ಮಿಸಿ ಮರಿಯನ್ನು ಹಿಡಿದಿತ್ತು. ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಅದರ ಮರಿಹುಳ. ಅದು ನೀರಿನಲ್ಲೇ ಬೆಳೆಯುವುದು. ಅಷ್ಟು ದಿನ ನಾನು ಬೈದದ್ದು ಗಪ್ಪಿಗಳನ್ನು!

ಇನ್ನೊಂದು ಕಳ್ಳ ಫಿಲ್ಟರ್. ನೀರು ಎಳೆಯುವ ಕೊಳವೆಗೆ ಮರಿ ಸೀದಾ ಹೋಗಿ ಸೇರುತ್ತದೆ. ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್ ಇಟ್ಟರೆ ಚಿಂತೆ ಇಲ್ಲ. ಬೇರೆ ಥರದ್ದಿದ್ದರೆ ಕೊಳವೆಯ ಬಾಯಿಗೆ ಸ್ಪಂಜ್ ಸಿಕ್ಕಿಸಿ.

ನೀರಿನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನಮ್ಮ ಊರಿನವರು ಪುಣ್ಯವಂತರು. ಬೇರೆ ಊರಿನವರು ಬರೆದದ್ದನ್ನು ನಂಬಿ ನಮ್ಮವರು ನೀರು ಮೆತ್ತಗೆ ಮಾಡುವ ಔಷಧಿ ತರುತ್ತಾರೆ. ಗಪ್ಪಿಗೆ ಬೇಕಾಗಿರುವುದೇ ಗಡಸು ನೀರು. ಮನೆ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ, ಬೆಳ್ಳಗೆ ಪದರ ಕಟ್ಟಿರುತ್ತದೆ. ಹೆಂಗಸರು ಬೇಳೆ ಬೇಯಲ್ಲ ಅಂತ ಬೈಯುವ ನೀರು ಗಪ್ಪಿಗೆ ಅಮೃತ. ನಲ್ಲಿ ನೀರಾದರೆ ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಬಿಟ್ಟಿಡಿ, ಇಲ್ಲವೇ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ.

ನಮಗೆ ಕಷ್ಟ ಕೊಡುವುದು ಬೇಸಿಗೆ. ಗಪ್ಪಿಗೆ 24ರಿಂದ 28 ಡಿಗ್ರಿ ಹಿತ. ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ ನನ್ನ ಟ್ಯಾಂಕಿನ ನೀರು 33ಕ್ಕೆ ಹೋಗಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಐಸ್ ಸುರಿಯಬೇಡಿ. ಮುಚ್ಚಳ ತೆಗೆದು ಮೇಲೊಂದು ಬಲೆ ಹಾಕಿ, ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲೆ ಹಾಯುವಂತೆ ಇಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಆರಿದಷ್ಟನ್ನು ಬರೀ ತುಂಬುತ್ತಾ ಹೋದರೆ ಉಪ್ಪು ಸುಣ್ಣ ಎಲ್ಲ ಒಳಗೇ ಉಳಿಯುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಹೊಸದು ಹಾಕಲೇಬೇಕು. ತೆಗೆದದ್ದನ್ನು ಕರಿಬೇವಿನ ಗಿಡಕ್ಕೆ ಹಾಕಿ.

ಮರಿಗೆ ಊಟ ಏನು ಅಂತಲೂ ಕೇಳುತ್ತಾರೆ. ದೊಡ್ಡವಕ್ಕೆ ಹಾಕುವುದನ್ನೇ ಬೆರಳಲ್ಲಿ ಹಿಟ್ಟಿನಷ್ಟು ನುಣ್ಣಗೆ ತಿಕ್ಕಿ, ದಿನಕ್ಕೆ ನಾಲ್ಕು ಸಲ, ಚಿಟಿಕೆಯಲ್ಲೂ ಕಾಲು ಭಾಗ. ಆರ್ಟೀಮಿಯಾ ಅನ್ನೋ ಉಪ್ಪು ನೀರಿನ ಪುಟ್ಟ ಸೀಗಡಿಯ ಮೊಟ್ಟೆ ತಂದು ಉಪ್ಪು ನೀರಿನಲ್ಲಿ ಗಾಳಿ ಬಿಟ್ಟರೆ ಒಂದೂವರೆ ದಿನದೊಳಗೆ ಒಡೆದು ಮರಿಯಾಗುತ್ತದೆ, ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಹಲವರು ಹೇಳುತ್ತಾರೆ. ನಾನು ಹೇಳಲ್ಲ. ಎರಡು ಕಾಳು ಜಾಸ್ತಿ ಬಿದ್ದರೆ ಸಂಜೆಗೆ ಟ್ಯಾಂಕ್ ನಾರುತ್ತದೆ. ಅಂದ ಹಾಗೆ ಮರಿ ಹಾಕುವ ದಿನಗಳಲ್ಲಿ ದೊಡ್ಡವಕ್ಕೂ ಹೊಟ್ಟೆ ತುಂಬಾ ಹಾಕಿ, ಮರಿಗಳ ಬೆನ್ನು ಹತ್ತುವುದು ಕಮ್ಮಿಯಾಗುತ್ತದೆ.

ಇಷ್ಟು ಹೇಳಿ, ಒಂದು ತಿರುಗು ಪ್ರಶ್ನೆ ನಾನು ಕೇಳುತ್ತೇನೆ. ಎಲ್ಲ ಮರಿ ಉಳಿಸಿ ಏನ್ ಮಾಡ್ತೀರಿ? ಒಂದು ಹೆಣ್ಣು ಸುಮಾರು ತಿಂಗಳಿಗೊಮ್ಮೆ ಇಪ್ಪತ್ತು, ಮೂವತ್ತು, ದೊಡ್ಡದಾದರೆ ಐವತ್ತು ಮರಿ ಹಾಕುತ್ತದೆ. ಎರಡು ಮೂರು ತಿಂಗಳಿಗೆ ಆ ಮರಿಗಳೂ ಮರಿ ಹಾಕಲು ತಯಾರು. ಗಂಡನ್ನು ತೆಗೆದರೆ ಸಾಕು ಅಂದುಕೊಂಡರೆ ಅದೂ ಸುಳ್ಳು. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. ಆಯಿಯ ಮೊಮ್ಮಗನಿಗೆ ಒಂದೇ ಹೆಣ್ಣು ಕೊಟ್ಟಿದ್ದೆ. ಮೂರು ತಿಂಗಳಲ್ಲಿ ಮೂರು ಸಲ ಓಡಿ ಬಂದ, “ಕಾಕಾ, ಮತ್ತ ಹಾಕ್ಯಾಳ!” ನನ್ನ ಎರಡು ಅಡಿ ಟ್ಯಾಂಕಿನಲ್ಲಿ ಒಮ್ಮೆ ಎಂಬತ್ತು ಮೀನು ಇದ್ದವು. ನೀರು ಎಷ್ಟು ಬದಲಿಸಿದರೂ ಸಾಲದೆ, ಬಾಲ ಮಡಚಿಕೊಂಡು ಒಂದೊಂದೇ ಸತ್ತವು. ತಾಯಿ ತಿಂದದ್ದಕ್ಕಿಂತ ಹೆಚ್ಚು ಮರಿ ಹಾಗೆ ಹೋದವು, ಆ ತಪ್ಪು ನನ್ನದು.

ಈಗ ನಾನು ಹಿಡಿದು ಬೇರೆ ಇಡುವುದು ಒಂದು ಸಲಕ್ಕೆ ಹತ್ತು ಹನ್ನೆರಡನ್ನು ಮಾತ್ರ. ಉಳಿದವು ಗಿಡದಲ್ಲಿ ಬಚ್ಚಿಟ್ಟುಕೊಂಡು ಬದುಕಿದರೆ ಬದುಕಲಿ. ನಾಲ್ಕನೇ ವಾರಕ್ಕೆ ಗಂಡಿನ ಹೊಟ್ಟೆ ಕೆಳಗಿನ ರೆಕ್ಕೆ ಕಡ್ಡಿಯ ಹಾಗೆ ಚೂಪಾಗುತ್ತದೆ, ಹೆಣ್ಣಿನದು ಬೀಸಣಿಗೆಯಾಗಿಯೇ ಇರುತ್ತದೆ. ಆಗಲೇ ಗಂಡು ಹೆಣ್ಣು ಬೇರೆ ಮಾಡುತ್ತೇನೆ.

ಹೆಚ್ಚಾದದ್ದನ್ನು ಬೆಣ್ಣೆತೊರೆಗೋ ಭೀಮಾ ಹೊಳೆಗೋ ಬಿಡಬೇಡಿ, ಹೊರಗಿನ ಮೀನು ನಮ್ಮ ಹೊಳೆ ಮೀನಿನ ಪಾಲು ತಿನ್ನುತ್ತದೆ. ಕೇಳಿದವರಿಗೆ ಕೊಡಿ. ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ತೊಟ್ಟಿಗಳಿಗೆ ಬಿಡುವುದೂ ಇದೇ ಗಪ್ಪಿಯನ್ನು. ಆಯಿಯ ಹಿತ್ತಲಿನ ಹೌದಿನಲ್ಲಿ ಬಟ್ಟೆ ಒಗೆಯುವ ನೀರು ತುಂಬಿಟ್ಟಿರುತ್ತಾರೆ, ಅದರ ತುಂಬಾ ಹುಳ ಕುಣಿಯುತ್ತಿದ್ದವು. ಎಂಟು ಗಪ್ಪಿ ಒಯ್ದು ಬಿಟ್ಟೆ. ಮೂರನೇ ದಿನ ಆಯಿ ಹೌದಿನ ಕಟ್ಟೆ ಮೇಲೆ ಕೈ ಊರಿ ಬಗ್ಗಿ ನೋಡುತ್ತಿದ್ದರು. “ಹುಳ ಒಂದೂ ಇಲ್ಲ ನೋಡಪ್ಪಾ” ಅಂದರು. ಸ್ವಲ್ಪ ಹೊತ್ತು ಬಿಟ್ಟು, ದನಿ ಇಳಿಸಿ, “ಇನ್ನ ಮರಿ ಹಾಕಿದ್ರ ಏನ್ ತಿಂತಾವೋ” ಅಂತ ಕೇಳಿದರು. ಸಂಜೆ ಹೋಗಿ ಒಂದು ಹಿಡಿ ಗಪ್ಪಿ ಗ್ರಾಸ್ ಹಾಕಿ ಬಂದೆ.