ಆಟದ ರಾತ್ರಿಗೆ ಕಾರಿನಲ್ಲೇ ಕರೆಂಟು

ಯಕ್ಷಗಾನದ ಆಟಗಳ, ಅಂದರೆ ಪ್ರದರ್ಶನಗಳ, ವೀಡಿಯೊ ಮಾಡುವವರೊಬ್ಬರ ಸಣ್ಣ ಕಾರಿಗೆ ಉಡುಪಿಯ ಕಲ್ಸಂಕದ ಹತ್ತಿರ 300 ವ್ಯಾಟ್‌ನ ಇನ್ವರ್ಟರ್ ಕೂರಿಸಿದೆವು. ಬೆಳಿಗ್ಗೆ ಬಾನೆಟ್ ತೆರೆದದ್ದು, ಮುಚ್ಚುವಾಗ ಸಂಜೆ. ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ತಿರುಗಾಟ ಮುಗಿಯುವ ಪತ್ತನಾಜೆಯ ದಿನದವರೆಗೆ ಆ ಕಾರು ಯಾವುದಾದರೂ ಗದ್ದೆಯ ಬದಿಯಲ್ಲೇ ರಾತ್ರಿ ಕಳೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ 65 ವ್ಯಾಟ್, ಎರಡು ಕ್ಯಾಮೆರಾ ಚಾರ್ಜರ್‌ಗೆ ತಲಾ 20, ಎಲ್‌ಇಡಿ ಲೈಟಿಗೆ 30, ಹಾರ್ಡ್ ಡಿಸ್ಕು ಮತ್ತಿತರ ಚಿಲ್ಲರೆ 15. ಒಟ್ಟು 150 ವ್ಯಾಟ್.

ಇನ್ವರ್ಟರ್ ಕೊಳ್ಳುವ ಮೊದಲೇ ಈ ವ್ಯಾಟನ್ನು ಆಂಪಿಯರ್ ಲೆಕ್ಕಕ್ಕೆ ತರಬೇಕು. ಇನ್ವರ್ಟರ್ ಒಳಗೆ ನೂರರಲ್ಲಿ ಹತ್ತು ಹನ್ನೆರಡು ಪಾಲು ಬಿಸಿಯಾಗಿಯೇ ಹೋಗುತ್ತದೆ. ಹಾಗಾಗಿ 150 ವ್ಯಾಟ್ ಹೊರಗೆ ಬರಬೇಕಾದರೆ ಬ್ಯಾಟರಿಯಿಂದ 170 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಅದು 14 ಆಂಪಿಯರ್. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು, ಅದರೊಳಗಿನ ಸ್ಪ್ರಿಂಗ್ ಪಿನ್ನು ಅಷ್ಟು ಕರೆಂಟನ್ನು ಗಂಟೆಗಟ್ಟಲೆ ತಾಳಿಕೊಳ್ಳುವುದಿಲ್ಲ. 100 ವ್ಯಾಟ್ ಮೀರಿದ ಯಾವುದೇ ಕೆಲಸಕ್ಕೆ ಬ್ಯಾಟರಿಯಿಂದಲೇ ಬೇರೆ ವೈರು ಎಳೆಯಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಈ ಕಾರಿಗೆ ಹಿಂದೆ ಯಾರೋ ಒಂದು ಅಗ್ಗದ ಇನ್ವರ್ಟರ್ ಜೋಡಿಸಿಕೊಟ್ಟಿದ್ದರು. ಅದನ್ನು ಬಿಚ್ಚಿದಾಗ ಫ್ಯೂಸ್ ಹೋಲ್ಡರ್ ಕರಗಿ ಮುದ್ದೆಯಾಗಿತ್ತು, ಒಳಗಿನ ಫ್ಯೂಸ್ ಮಾತ್ರ ಹಾಗೆಯೇ ಇತ್ತು. "ಫ್ಯೂಸ್ ಸರಿ ಉಂಟಲ್ಲ ಮಾರಾಯ್ರೆ, ಮತ್ತೆ ಹೋಲ್ಡರ್ ಯಾಕೆ ಕರಗಿದ್ದು?" ಎಂದು ಕಾರಿನವರು ಕೇಳಿದರು. ಫ್ಯೂಸ್ ನೋಡುವುದು ಎಷ್ಟು ಕರೆಂಟು ಹರಿಯುತ್ತದೆ ಎಂಬುದನ್ನು ಮಾತ್ರ. ಸಡಿಲ ಜೋಡಣೆ ಬಿಸಿಯಾಗುವುದು ಅದಕ್ಕೆ ಗೊತ್ತಾಗುವುದಿಲ್ಲ. ಹೋಲ್ಡರಿನ ಕ್ಲಿಪ್ಪು ಸಡಿಲವಾಗಿ, ತುಕ್ಕು ಹಿಡಿದು, ಅಲ್ಲಿ 0.05 ಓಮ್ ತಡೆ ಬಂದರೆ ಸಾಕು. 15 ಆಂಪಿಯರ್ ಹರಿಯುವಾಗ ಆ ಒಂದೇ ಜಾಗದಲ್ಲಿ 11 ವ್ಯಾಟ್ ಬಿಸಿ ಹುಟ್ಟುತ್ತದೆ. ಕರೆಂಟು ಮಿತಿಯೊಳಗೇ ಇರುವುದರಿಂದ ಫ್ಯೂಸ್ ಹೋಗುವುದಿಲ್ಲ, ಪ್ಲಾಸ್ಟಿಕ್ ಕರಗುತ್ತದೆ.

ಹಳೆಯ ವೈರಿನ ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಇಂಥ ವೈರಿನ ತಡೆ ಅದೇ ದಪ್ಪದ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಕರಾವಳಿಯ ಉಪ್ಪುಗಾಳಿಗೆ ಕತ್ತರಿಸಿದ ತುದಿಯಿಂದಲೇ ಪುಡಿಯಾಗಲು ಶುರು. ಮಲ್ಪೆ, ಪಡುಬಿದ್ರಿ, ಸುರತ್ಕಲ್ ಕಡೆ ಕಡಲ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಒಳ್ಳೆಯ ತಾಮ್ರವೂ ಬರೀ ಟೇಪು ಸುತ್ತಿದ ಜಾಗದಲ್ಲಿ ಹಸಿರುಗಟ್ಟಿ, ಆ ಹಸಿರು ಇನ್ಸುಲೇಶನ್ ಒಳಗೆ ಬೆರಳುದ್ದ ಏರಿರುವುದು ಕಾಣಸಿಗುತ್ತದೆ. ಇಲ್ಲಿ ಇನ್ವರ್ಟರಿನ ಬ್ರ್ಯಾಂಡಿಗಿಂತ ವೈರಿನ ತುದಿಯ ಕೆಲಸವೇ ಮುಖ್ಯ ಎನ್ನುವುದು ಇದಕ್ಕೆ.

ಹೊಸ ವೈರು 10 ಚದರ ಮಿ.ಮೀ. ತಾಮ್ರದ್ದು, ಎಳೆ ಎಳೆಯಾಗಿ ಬಾಗುವಂಥದ್ದು. ಇನ್ವರ್ಟರ್ ಪೂರ್ತಿ 300 ವ್ಯಾಟ್ ಕೊಡುವಾಗ, ಬ್ಯಾಟರಿ ಇಳಿದು 11 ವೋಲ್ಟಿಗೆ ಬಂದಿದ್ದರೆ, 31 ಆಂಪಿಯರ್ ಎಳೆಯುತ್ತದೆ. 3 ಮೀಟರ್ ಉದ್ದದ 2.5 ಚದರ ಮಿ.ಮೀ. ವೈರನ್ನು ಪ್ಲಸ್ಸಿಗೂ ಮೈನಸ್ಸಿಗೂ ಹಾಕಿದರೆ ವೈರಿನಲ್ಲೇ 1.2 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ಇನ್ವರ್ಟರ್ ಕೀಂ ಎಂದು ಕೂಗಿ ಆಫ್ ಆಗುವುದು ಹೀಗೆ. 10ರ ವೈರಿನಲ್ಲಿ ನಷ್ಟ 0.3 ವೋಲ್ಟ್ ಮಾತ್ರ.

ತುದಿಗಳಿಗೆ ತವರ ಲೇಪಿಸಿದ ತಾಮ್ರದ ಲಗ್ (ಬೋಲ್ಟಿಗೆ ಕೂರುವ ಉಂಗುರದ ತುದಿ) ಹಾಕಿ, ಷಟ್ಕೋನದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದೆವು. ಅದರ ಮೇಲೆ, ಬಿಸಿ ತಾಗಿಸಿದರೆ ಕುಗ್ಗಿ ಹಿಡಿಯುವ, ಒಳಮೈಗೆ ಗೋಂದು ಇರುವ ಹೀಟ್ ಶ್ರಿಂಕ್ ಸ್ಲೀವ್. ಇಕ್ಕಳದಲ್ಲಿ ಚಪ್ಪಟೆ ಮಾಡಿದ ಲಗ್ ಎಳೆದರೆ ಕೈಗೇ ಬರುತ್ತದೆ. ಬೆಸುಗೆ ಹಾಕಿದರೆ ತವರ ಎಳೆಗಳ ನಡುವೆ ಏರಿ ವೈರು ಗಡುಸಾಗುತ್ತದೆ, ಗಾಡಿಯ ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ ಕೆಲಸಕ್ಕಿಳಿದೆವು. ಪ್ಲಸ್ಸಿನಿಂದ 15 ಸೆಂ.ಮೀ. ಒಳಗೇ 40 ಆಂಪಿಯರಿನ ಫ್ಯೂಸ್, ಬೋಲ್ಟು ಹಾಕಿ ಬಿಗಿಯುವಂಥದ್ದು. ಇನ್ವರ್ಟರಿನೊಳಗೆ ಫ್ಯೂಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಕಾಯುವುದು ಇನ್ವರ್ಟರನ್ನು. ದಾರಿಯಲ್ಲಿ ವೈರು ಕಾರಿನ ಲೋಹದ ಮೈಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರು ಕೆಂಪಗೆ ಕಾಯುತ್ತದೆ. ಅದನ್ನು ತಡೆಯುವುದು ಬ್ಯಾಟರಿಯ ಪಕ್ಕದ ಫ್ಯೂಸ್ ಮಾತ್ರ.

ಇಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ವೈರು ತರಲು ಹೊಸ ತೂತು ಕೊರೆಯಲಿಲ್ಲ. ಕಂಪನಿಯ ವೈರಿಂಗ್ ಹೋಗುವ ರಬ್ಬರ್ ಗ್ರೊಮೆಟ್ಟಿನಲ್ಲೇ ಸಣ್ಣ ಸೀಳು ಮಾಡಿ ತೂರಿಸಿ, ಸಿಲಿಕೋನ್ ತುಂಬಿದೆವು. ಗ್ರೊಮೆಟ್ಟಿಗೆ ಮೊದಲು ವೈರನ್ನು ಕೆಳಕ್ಕೆ ಬಾಗಿಸಿ ಮೇಲೆತ್ತಬೇಕು, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನಮ್ಮ ಮಳೆಗಾಲಕ್ಕೆ ಇಷ್ಟು ಮಾಡದಿದ್ದರೆ ಕಾರ್ಪೆಟ್ಟು ಒದ್ದೆಯಾಗುವುದು ನಿಶ್ಚಯ. ಬಾನೆಟ್ಟಿನೊಳಗಿನ ಭಾಗಕ್ಕೆ ಸುರುಳಿ ಕಾಂಡ್ಯೂಟ್ ಕೊಳವೆ. ಕ್ಯಾಬಿನ್ನಿನಲ್ಲಿ ಹಳದಿ ಹೊದಿಕೆಯ ವೈರು ಕಂಡರೆ ಅದು ಏರ್‌ಬ್ಯಾಗಿನದು, ಅದರ ಹತ್ತಿರ ಟೈ ಕೂಡ ಹಾಕಬಾರದು.

ಇನ್ವರ್ಟರ್ ಎಡಗಡೆ ಮುಂದಿನ ಸೀಟಿನ ಕೆಳಗೆ. ಡಿಕ್ಕಿಯಲ್ಲಿ ಇಡಬೇಕೆಂದು ಅವರಿಗೆ ಆಸೆಯಿತ್ತು, ಆಗ 12 ವೋಲ್ಟಿನ ವೈರು ಇನ್ನೂ ಎರಡು ಮೀಟರ್ ಉದ್ದವಾಗುತ್ತಿತ್ತು. 12 ವೋಲ್ಟಿನ ದಾರಿ ಗಿಡ್ಡ ಇರಲಿ, 230 ವೋಲ್ಟಿನ ದಾರಿ ಕಾರಿನೊಳಗೆ ಎಷ್ಟು ಉದ್ದವಾದರೂ ನಷ್ಟ ಗಣನೆಗೆ ಬರುವಷ್ಟಿಲ್ಲ. ಕಾರ್ಪೆಟ್ಟಿನ ಮೇಲೆ ನೇರ ಇಡದೆ 12 ಮಿ.ಮೀ. ಮೆರೈನ್ ಪ್ಲೈವುಡ್ಡಿಗೆ ಸ್ಕ್ರೂ ಮಾಡಿ, ಫ್ಯಾನಿನ ಎದುರು ನಾಲ್ಕು ಬೆರಳು ಜಾಗ ಬಿಟ್ಟೆವು. ಕಾರಿನ ಲೋಹದ ಮೈ ಬ್ಯಾಟರಿಯ ಮೈನಸ್ಸಿಗೆ ಸೇರಿರುವುದರಿಂದ, ಮೈನಸ್ಸಿಗೆ ಬಾಗಿಲ ಕೆಳಗಿನ ಬಾಡಿ ಅರ್ತ್ ಬೋಲ್ಟು, ಪೇಂಟು ಹೊಳೆಯುವ ತಗಡು ಕಾಣುವವರೆಗೆ ಕೆರೆದು ಬಿಗಿದು ಮೇಲೆ ಪ್ರೈಮರ್ ಬಳಿದೆವು. ಸೀಟು ಬೆಲ್ಟಿನ ಬೋಲ್ಟನ್ನು ಅರ್ತಿಗೆ ಮುಟ್ಟಲೇಬಾರದು. ಬ್ಯಾಟರಿಯ ಮೈನಸ್ ಮೇಲೆ ಕರೆಂಟು ಅಳೆಯುವ ಸೆನ್ಸರ್ ಇರುವ ಹೊಸ ಕಾರುಗಳಲ್ಲೂ ಬಾಡಿ ಅರ್ತೇ ಸರಿ, ಇಲ್ಲವಾದರೆ ಈ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗದು.

ಕೊನೆಯ ಜೋಡಣೆಯಲ್ಲಿ ಒಂದು ಎಚ್ಚರ ಬೇಕು. ಇನ್ವರ್ಟರಿನ ಒಳಗೆ ಕರೆಂಟು ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರುಗಳು ಖಾಲಿ ಇರುವುದರಿಂದ ನೇರ ಮುಟ್ಟಿಸಿದರೆ ಜೋರಾಗಿ ಕಿಡಿ ಹಾರುತ್ತದೆ. ಫ್ಯೂಸ್ ಹಾಕುವ ಮೊದಲು ಅದರ ಎರಡು ಬೋಲ್ಟುಗಳ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಹಿಡಿದೆವು. ಬಲ್ಬು ಒಮ್ಮೆ ಹೊತ್ತಿ ಮಂಕಾಗಿ ಆರಿತು, ಕೆಪಾಸಿಟರ್ ತುಂಬಿತೆಂದು ಅರ್ಥ. ಆರದೆ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಪ್ಲಸ್ ಮೈನಸ್ ಅದಲು ಬದಲಾಗಿದೆ, ಇಲ್ಲವೇ ಎಲ್ಲೋ ಶಾರ್ಟ್ ಇದೆ. ಬಲ್ಬು ಇಲ್ಲದೆ ಉಲ್ಟಾ ಕೊಟ್ಟರೆ ಇನ್ವರ್ಟರಿನ ಕಥೆ ಅಲ್ಲಿಗೇ ಮುಗಿಯಿತು.

ಇಂಜಿನ್ ಚಾಲೂ ಮಾಡಿ 280 ವ್ಯಾಟಿನಷ್ಟು ಲೋಡ್ ಹಾಕಿದಾಗ ಬ್ಯಾಟರಿಯ ಮೇಲೆ 13.9, ಇನ್ವರ್ಟರಿನ ತಿರುಪಿನ ಮೇಲೆ 13.7 ವೋಲ್ಟ್. ಈ ಅಂತರ ಅರ್ಧ ವೋಲ್ಟು ದಾಟಿದರೆ ಎಲ್ಲೋ ಲಗ್ ಸಡಿಲ. ಹತ್ತು ನಿಮಿಷ ಬಿಟ್ಟು ಕೈಯಿಂದ ಮುಟ್ಟುತ್ತಾ ಬಂದರೆ ಬಿಸಿಯಾದ ಜಾಗ ತಾನೇ ತೋರಿಸಿಕೊಡುತ್ತದೆ.

ಎರಡನೆಯ ಕೆಲಸ, ಹಿಂದಿನ ಸೀಟಿಗೊಂದು 12 ವೋಲ್ಟಿನ ಸಾಕೆಟ್. ಫೋನು, ಕ್ಯಾಮೆರಾ ಬ್ಯಾಟರಿಗಳಿಗೆ ಕಾರಿನ ಚಾರ್ಜರೇ ಸಿಗುವಾಗ 12ನ್ನು 230 ಮಾಡಿ ಮತ್ತೆ ಇಳಿಸುವುದು ಸುಮ್ಮನೆ ನಷ್ಟ. ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಒಂದು ಸಾಕು: 30 ಎಂಬ ಸಂಖ್ಯೆಯ ಪಿನ್ನಿಗೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ ಬಂದ 2.5ರ ವೈರು, 87ರಿಂದ ಸಾಕೆಟ್ಟಿಗೆ, 85 ಅರ್ತಿಗೆ, 86 ಫ್ಯೂಸ್ ಬಾಕ್ಸಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗಕ್ಕೆ. ಕಂಪನಿಯ ವೈರು ಕತ್ತರಿಸದೆ, ಫ್ಯೂಸಿನ ಜಾಗದಲ್ಲೇ ಸಿಕ್ಕಿಸಿ ಕರೆಂಟು ಪಡೆಯುವ ಫ್ಯೂಸ್ ಟ್ಯಾಪ್ ಬಳಸಿದೆವು. ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದು.

ಇನ್ವರ್ಟರ್, ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವಿನದೇ ಆರಿಸಿದ್ದು ಧ್ವನಿಗಾಗಿ. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ, ಮಾಡಿಫೈಡ್ ವೇವಿನ ಅಗ್ಗದವುಗಳಲ್ಲಿ ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ಚೆಂಡೆ ಮದ್ದಳೆಯ ರೆಕಾರ್ಡಿಂಗಿನಲ್ಲಿ ಗುಂಯ್ ಸದ್ದು ಸೇರಿಕೊಳ್ಳಬಹುದು. 230ರ ಎರಡು ತಂತಿಗಳಲ್ಲಿ ಯಾವುದನ್ನೂ ಕಾರಿನ ಲೋಹದ ಮೈಗೆ ಕಟ್ಟಬಾರದು. ಟೆಸ್ಟರ್ ಎರಡೂ ತೂತಿನಲ್ಲಿ ಮಿಣುಕಿದರೂ ಗಾಬರಿಯಿಲ್ಲ, ಇಂಥ ಇನ್ವರ್ಟರುಗಳಲ್ಲಿ ನ್ಯೂಟ್ರಲ್ ಎಂಬುದು ಅರ್ತಿಗೆ ಸೇರಿರುವುದಿಲ್ಲ.

ಕಾರಿನವರಿಗೆ ಹೆಚ್ಚು ಹೊತ್ತು ವಿವರಿಸಿದ್ದು ಬ್ಯಾಟರಿಯ ವಿಷಯ. ಅವರದು ಲೆಕ್ಕಕ್ಕೆ ಒಂದು ಆಂಪಿಯರನ್ನು 35 ಗಂಟೆ ಕೊಡುವ, ಅಂದರೆ 35 ಆಂಪಿಯರ್ ಅವರ್‌ನದು. ಸ್ಟಾರ್ಟ್ ಮಾಡಲೆಂದು ತೆಳು ಪ್ಲೇಟು ಹಾಕಿದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. 14 ಆಂಪಿಯರ್ ಎಳೆದರೆ ಇಂಜಿನ್ ನಿಲ್ಲಿಸಿ ಒಂದು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಇನ್ವರ್ಟರ್ ತಾನಾಗಿ ಆಫ್ ಆಗುವುದು 10.5 ವೋಲ್ಟಿನ ಸುಮಾರಿಗೆ, ಅಷ್ಟರಲ್ಲಿ ಕಾರು ಸ್ಟಾರ್ಟ್ ಆಗುವ ಸ್ಥಿತಿಯಲ್ಲಿರುವುದಿಲ್ಲ. ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ವೋಲ್ಟ್ ಮೀಟರ್ ಕೂರಿಸಿ, ಲೋಡ್ ಇದ್ದಾಗ 11.8ಕ್ಕೆ ಬಂದರೆ ಇಂಜಿನ್ ಚಾಲೂ ಮಾಡಲು ಹೇಳಿದೆವು, ಬಯಲಿನಲ್ಲಿ ಮಾತ್ರ, ಮುಚ್ಚಿದ ಶೆಡ್ಡಿನಲ್ಲಿ ಎಂದೂ ಅಲ್ಲ. ಇಡೀ ರಾತ್ರಿಯ ಆಟಕ್ಕೆ ಇದು ಸಾಲದು, ಡಿಕ್ಕಿಗೆ, ಎರಡು ಬ್ಯಾಟರಿಗಳನ್ನು ಬೇರೆಯಾಗಿ ಇಡುವ ಐಸೊಲೇಟರ್ ಸಮೇತ ಎರಡನೇ ಬ್ಯಾಟರಿಯೇ ಬೇಕು. ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟಕ್ಕಾದರೆ ನಡುನಡುವೆ ಇಂಜಿನ್ ಚಾಲೂ ಮಾಡಿ ಸುಧಾರಿಸಬಹುದು.

ಇನ್ವರ್ಟರಿಗೆ ಏನೂ ಸಿಕ್ಕಿಸದೆ ಸ್ವಿಚ್ ಆನ್ ಇಟ್ಟರೂ 0.4 ಆಂಪಿಯರ್ ಎಳೆಯುತ್ತಿತ್ತು. ಎರಡು ದಿನ ಮರೆತರೆ 19 ಆಂಪಿಯರ್ ಅವರ್, ಅಂದರೆ ಅವರ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಇಳಿಯುವಾಗ ಸ್ವಿಚ್ ಆಫ್ ಮಾಡಬೇಕು. ತಿಂಗಳ ನಂತರ ಲಗ್ ಬೋಲ್ಟುಗಳನ್ನೊಮ್ಮೆ ಬಿಗಿದು ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು, ಮೊದಲ ಜೋರು ಮಳೆ ಬಂದ ಮರುದಿನ ಎಡಗಡೆಯ ಕಾರ್ಪೆಟ್ಟನ್ನು ಎತ್ತಿ ಒದ್ದೆಯಾಗಿದೆಯೇ ನೋಡಬೇಕು.